ಸೂರ್ಯನ ಪಟದಿಂದ ತಲೆಯ ಪಟದವರೆಗೆ: ಪ್ರೊ. ಬ್ರೇಸ್‌ವೆಲ್ ನಡೆದ ದಾರಿ

ಸಿ.ಟಿ. ಸ್ಕ್ಯಾನ್ ಎಂಬ ಮಾತು ಇಂದು ಯಾರಿಗೂ ಹೊಸದಲ್ಲ. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದರೆ, ಇದ್ದಕ್ಕಿದ್ದಂತೆ ಕೈಕಾಲು ಸ್ವಾಧೀನ ತಪ್ಪಿದರೆ ವೈದ್ಯರು ಮೊದಲು ಬರೆದುಕೊಡುವುದು ಅದನ್ನೇ. 2020-21ರ ಕೊರೊನಾ ದಿನಗಳಲ್ಲಂತೂ ಶ್ವಾಸಕೋಶದ ಸ್ಕ್ಯಾನ್ ಮನೆಮಾತಾಗಿತ್ತು. ನೀಲಗಿರಿಯಿಂದ ಘಟ್ಟ ಇಳಿದು ಕೊಯಮತ್ತೂರಿಗೋ ಮೈಸೂರಿಗೋ ಹೋಗಿ, ದೊಡ್ಡ ಬಳೆಯಂತಹ ಆ ಯಂತ್ರದೊಳಗೆ ಮಲಗಿ ಬಂದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ.

ಆ ಯಂತ್ರದೊಳಗೆ ನಡೆಯುವ ಲೆಕ್ಕವನ್ನು ಆಸ್ಪತ್ರೆಯವರಿಗಿಂತ ಮೊದಲೇ ಆಕಾಶ ನೋಡುವವರು ಮಾಡಿ ಮುಗಿಸಿದ್ದರು ಎಂಬುದು ಹೆಚ್ಚಿನವರಿಗೆ ತಿಳಿಯದ ವಿಷಯ. ಹಾಗೆ ಮಾಡಿದವರಲ್ಲಿ ಮುಖ್ಯರು ಪ್ರೊ. ರೊನಾಲ್ಡ್ ಬ್ರೇಸ್‌ವೆಲ್. ಅವರು ಮನಸ್ಸಿನಲ್ಲಿಟ್ಟುಕೊಂಡಿದ್ದದ್ದು ರೋಗಿಯ ತಲೆಯನ್ನಲ್ಲ, ಸೂರ್ಯನನ್ನು. ಅವರ ಕೈಕೆಳಗೆ ಪಿಎಚ್.ಡಿ. ಮಾಡಿದ ಭಾರತೀಯರೊಬ್ಬರು ಮುಂದೆ ಕಟ್ಟಿಸಿದ ದೂರದರ್ಶಕ ನಮ್ಮ ಊಟಿಯ ಪಕ್ಕದ ಮುತ್ತೋರೈಯಲ್ಲೇ ಇದೆ. ಈ ಕಾರಣಕ್ಕಾದರೂ ಬ್ರೇಸ್‌ವೆಲ್ ಅವರ ಕಥೆಯನ್ನು ನಾವು ತಿಳಿದಿರಬೇಕು.

ಯಾರು ಈ ಬ್ರೇಸ್‌ವೆಲ್?

ರೊನಾಲ್ಡ್ ನ್ಯೂಬೋಲ್ಡ್ ಬ್ರೇಸ್‌ವೆಲ್ ಹುಟ್ಟಿದ್ದು 1921ರ ಜುಲೈ 22ರಂದು, ಆಸ್ಟ್ರೇಲಿಯಾದ ಸಿಡ್ನಿಯಲ್ಲಿ. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಮೊದಲು ಗಣಿತ, ಭೌತಶಾಸ್ತ್ರ ಓದಿ 1941ರಲ್ಲಿ ಬಿ.ಎಸ್ಸಿ. ಪಡೆದರು. ಎರಡು ವರ್ಷದ ನಂತರ ಎಂಜಿನಿಯರಿಂಗ್ ಪದವಿಯನ್ನೂ ಪಡೆದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಸಿಡ್ನಿಯ ರೇಡಿಯೋ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ರೇಡಾರ್ ಉಪಕರಣಗಳನ್ನು ರೂಪಿಸುವ ಕೆಲಸ ಮಾಡಿದರು. ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿ, ರೇಡಿಯೋ ಅಲೆಗಳನ್ನು ಹಿಂದಕ್ಕೆ ಕಳುಹಿಸುವ ಮೇಲಿನ ವಾಯುಪದರದ ಬಗ್ಗೆ ಸಂಶೋಧನೆ ನಡೆಸಿ ಪಿಎಚ್.ಡಿ. ಗಳಿಸಿದರು.

1949ರಲ್ಲಿ ಸಿಡ್ನಿಗೆ ಮರಳಿದಾಗ ಹೊಸದೊಂದು ವಿಜ್ಞಾನ ತಲೆಯೆತ್ತುತ್ತಿತ್ತು. ಅದೇ ರೇಡಿಯೋ ಖಗೋಳಶಾಸ್ತ್ರ. ಸೂರ್ಯ ಮತ್ತು ನಕ್ಷತ್ರಗಳು ಬೆಳಕಿನ ಜೊತೆಗೆ ರೇಡಿಯೋ ಅಲೆಗಳನ್ನೂ ಹೊರಸೂಸುತ್ತವೆ. ಅವನ್ನು ಡಿಶ್‌ಗಳ ಮೂಲಕ ಹಿಡಿದರೆ ಕಣ್ಣಿಗೆ ಕಾಣದ ಸಂಗತಿಗಳು ತಿಳಿಯುತ್ತವೆ. ಯುದ್ಧಕ್ಕಾಗಿ ರೇಡಾರ್ ಕಲಿತ ತರುಣರೇ ಈ ಕೆಲಸಕ್ಕೆ ಇಳಿದರು. ಬ್ರೇಸ್‌ವೆಲ್ 1955ರಲ್ಲಿ ತಮ್ಮ ಹಿರಿಯರಾದ ಜೋಸೆಫ್ ಪಾಸಿ ಅವರೊಂದಿಗೆ ಸೇರಿ ಈ ವಿಷಯದ ಮೇಲೆ ಪುಸ್ತಕವನ್ನೇ ಬರೆದರು. ಅದೇ ವರ್ಷದ ಕೊನೆಯಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದರು. ಅವರು ಸೇರಿದ್ದು ಖಗೋಳ ವಿಭಾಗಕ್ಕಲ್ಲ, ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ ಎಂಬುದು ಗಮನಾರ್ಹ.

ಸೂರ್ಯನನ್ನು ಪಟ್ಟಿಪಟ್ಟಿಯಾಗಿ ನೋಡುವುದು

ರೇಡಿಯೋ ಖಗೋಳದವರಿಗೆ ಮೊದಲಿನಿಂದಲೂ ಒಂದು ತೊಡಕು ಇತ್ತು. ಬೆಳಕಿನ ಅಲೆಗೆ ಹೋಲಿಸಿದರೆ ರೇಡಿಯೋ ಅಲೆ ಲಕ್ಷಗಟ್ಟಲೆ ಪಟ್ಟು ಉದ್ದ. ಅಲೆ ಉದ್ದವಾದಷ್ಟೂ ಚಿತ್ರ ಮಸುಕಾಗುತ್ತದೆ. ಸೂರ್ಯನ ಮೈಮೇಲಿನ ವಿವರ ಕಾಣಬೇಕಾದರೆ ಅತಿ ದೊಡ್ಡ ಡಿಶ್ ಬೇಕು. ಅಷ್ಟು ದೊಡ್ಡದನ್ನು ಕಟ್ಟಲು ದುಡ್ಡೂ ಇರಲಿಲ್ಲ, ಉಪಾಯವೂ ಇರಲಿಲ್ಲ.

ಆಗ ಸಿಡ್ನಿಯಲ್ಲಿ ಕ್ರಿಸ್ಟಿಯನ್‌ಸೆನ್ ಎಂಬ ವಿಜ್ಞಾನಿ 32 ಚಿಕ್ಕ ಡಿಶ್‌ಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಸಾಲು ಉದ್ದವಾದ್ದರಿಂದ ಆ ದಿಕ್ಕಿನಲ್ಲಿ ಸೂಕ್ಷ್ಮವಾಗಿ ಕಾಣುತ್ತಿತ್ತು. ಅಡ್ಡ ದಿಕ್ಕಿನಲ್ಲಿ ಮಾತ್ರ ಏನೂ ಬೇರ್ಪಡುತ್ತಿರಲಿಲ್ಲ. ಅಂದರೆ ಸೂರ್ಯನ ಬಿಂಬದ ಮೇಲೆ ಒಂದು ಸಪೂರ ಪಟ್ಟಿ ಎಳೆದಂತೆ. ಆ ಪಟ್ಟಿಯುದ್ದಕ್ಕೂ ಬರುವ ಒಟ್ಟು ಶಕ್ತಿ ಎಷ್ಟು ಎಂಬುದು ಸಿಗುತ್ತಿತ್ತು. ಪಟ್ಟಿಯೊಳಗೆ ಅದು ಯಾವ ಜಾಗದಿಂದ ಬಂತು ಎಂಬುದು ತಿಳಿಯುತ್ತಿರಲಿಲ್ಲ.

ಭೂಮಿ ತಿರುಗುತ್ತಾ ಹೋದಂತೆ ಪಟ್ಟಿಯ ಕೋನ ಬದಲಾಗುತ್ತದೆ. ಬೆಳಿಗ್ಗೆ ಒಂದು ಓರೆ, ಮಧ್ಯಾಹ್ನ ಇನ್ನೊಂದು, ಸಂಜೆ ಮತ್ತೊಂದು. ಹೀಗೆ ಬೇರೆ ಬೇರೆ ಕೋನದಲ್ಲಿ ಸಿಕ್ಕ ಒಟ್ಟು ಮೊತ್ತಗಳಿಂದಲೇ ಸೂರ್ಯನ ಪೂರ್ತಿ ಪಟವನ್ನು ಬಿಡಿಸಲು ಸಾಧ್ಯವೇ? ಪ್ರಶ್ನೆ ಇದಾಗಿತ್ತು.

ಆಲೂಗಡ್ಡೆ ಪೆಟ್ಟಿಗೆಯ ಲೆಕ್ಕ

ಇದು ಕಲಾ ವಿಭಾಗದಲ್ಲಿ ಓದಿದ ನನ್ನಂತಹವರಿಗೂ ಅರ್ಥವಾಗುವ ಲೆಕ್ಕ. ನಾಲ್ಕು ಖಾನೆಗಳ ಒಂದು ಪೆಟ್ಟಿಗೆ ಇದೆ ಎಂದುಕೊಳ್ಳಿ. ಮೇಲಿನ ಸಾಲಿನ ಎಡ ಖಾನೆಯಲ್ಲಿ 5 ಆಲೂಗಡ್ಡೆ, ಬಲ ಖಾನೆಯಲ್ಲಿ 2. ಕೆಳಗಿನ ಸಾಲಿನ ಎಡದಲ್ಲಿ 1, ಬಲದಲ್ಲಿ 4. ಈಗ ಮುಚ್ಚಳ ಹಾಕಿದೆ. ನಿಮಗೆ ಒಟ್ಟು ಮೊತ್ತಗಳನ್ನು ಮಾತ್ರ ಹೇಳಲಾಗುತ್ತದೆ.

ಮೇಲಿನ ಸಾಲು 7, ಕೆಳಗಿನ ಸಾಲು 5. ಎಡ ಕಂಬ 6, ಬಲ ಕಂಬ 6. ಇಷ್ಟರಿಂದ ಒಳಗೆ ಏನಿದೆ ಎಂದು ಹೇಳಲಾಗುವುದಿಲ್ಲ. ಏಕೆಂದರೆ ಮೇಲೆ 4 ಮತ್ತು 3, ಕೆಳಗೆ 2 ಮತ್ತು 3 ಇಟ್ಟರೂ ಇದೇ ಮೊತ್ತಗಳು ಬರುತ್ತವೆ. ಆದರೆ ಮೂಲೆಯಿಂದ ಮೂಲೆಗೆ ಓರೆಯಾಗಿ ಕೂಡಿದ ಮೊತ್ತ 9 ಎಂದು ತಿಳಿದರೆ? ಎರಡನೇ ಜೋಡಣೆಯಲ್ಲಿ ಅದು 7 ಆಗುತ್ತದೆ, ಆದ್ದರಿಂದ ಅದು ಬಿದ್ದುಹೋಗುತ್ತದೆ. ಲೆಕ್ಕ ಮಾಡಿ ನೋಡಿದರೆ 5, 2, 1, 4 ಎಂಬ ಒಂದೇ ಉತ್ತರ ಉಳಿಯುತ್ತದೆ. ಮುಚ್ಚಳ ತೆಗೆಯದೆಯೇ ಒಳಗಿನದು ಗೊತ್ತಾಯಿತು!

ಖಾನೆಗಳು ಹೆಚ್ಚಾದಷ್ಟೂ ಹೆಚ್ಚು ಕೋನಗಳಿಂದ ನೋಡಬೇಕು. ಸೂರ್ಯನ ಪಟಕ್ಕೂ ಇದೇ ನಿಯಮ, ತಲೆಯ ಸ್ಕ್ಯಾನ್‌ಗೂ ಇದೇ ನಿಯಮ. ಬದಲಾಗುವುದು ಖಾನೆಗಳ ಸಂಖ್ಯೆ ಮಾತ್ರ.

1956ರ ಲೇಖನ

ಕ್ರಿಸ್ಟಿಯನ್‌ಸೆನ್ ಮತ್ತು ಸಂಗಡಿಗರಾದ ವಾರ್‌ಬರ್ಟನ್ 1955ರಲ್ಲಿ ಹೀಗೆ ಪಟ್ಟಿಗಳಿಂದ ಸೂರ್ಯನ ರೇಡಿಯೋ ಪಟವೊಂದನ್ನು ತಯಾರಿಸಿ ಪ್ರಕಟಿಸಿದರು. ಈ ಇಡೀ ವಿಷಯಕ್ಕೆ ಗಟ್ಟಿ ಗಣಿತದ ತಳಹದಿ ಹಾಕಿಕೊಟ್ಟವರು ಬ್ರೇಸ್‌ವೆಲ್. 1956ರಲ್ಲಿ ಆಸ್ಟ್ರೇಲಿಯಾದ ಭೌತಶಾಸ್ತ್ರ ಪತ್ರಿಕೆಯಲ್ಲಿ ಬಂದ ಅವರ ಲೇಖನ, ಪಟ್ಟಿಗಳ ಮೊತ್ತದಿಂದ ಪಟವನ್ನು ಮರಳಿ ಪಡೆಯುವ ಬಗೆಯನ್ನು ವಿವರಿಸಿತು.

ಅದರ ಸಾರ ಇಷ್ಟು. ಹಾರ್ಮೋನಿಯಂನಲ್ಲಿ ಹಲವು ಮನೆಗಳನ್ನು ಒಟ್ಟಿಗೆ ಒತ್ತಿದಾಗ ಬರುವ ನಾದವನ್ನು ಪಳಗಿದ ಕಿವಿ ಬಿಡಿ ಸ್ವರಗಳಾಗಿ ಗುರುತಿಸುತ್ತದೆಯಲ್ಲವೇ? ಹಾಗೆಯೇ ಯಾವುದೇ ಚಿತ್ರವನ್ನು ದಪ್ಪ ಅಲೆ, ಸಣ್ಣ ಅಲೆಗಳ ಮೊತ್ತವಾಗಿ ಬಿಡಿಸಬಹುದು. ಹೀಗೆ ಬಿಡಿಸುವ ವಿಧಾನವನ್ನು ಫ್ರೆಂಚ್ ಗಣಿತಜ್ಞನ ಹೆಸರಿನಲ್ಲಿ ಫೋರಿಯರ್ ರೂಪಾಂತರ ಎನ್ನುತ್ತಾರೆ. ಒಂದು ಕೋನದಿಂದ ಪಟ್ಟಿಗಳ ಮೊತ್ತ ತೆಗೆದರೆ ಆ ಚಿತ್ರದ ಅಲೆಗಳ ಪಟ್ಟಿಕೆಯಲ್ಲಿ ಆ ದಿಕ್ಕಿನ ಒಂದು ಗೆರೆ ಪೂರ್ತಿ ತುಂಬುತ್ತದೆ. ಎಲ್ಲ ಕೋನಗಳಿಂದ ತೆಗೆದರೆ ಪಟ್ಟಿಕೆ ಭರ್ತಿಯಾಗುತ್ತದೆ. ಅದನ್ನು ಮತ್ತೆ ಕೂಡಿಸಿದರೆ ಚಿತ್ರ ಸಿದ್ಧ.

ಆದರೆ ಆಗಿನ ಕಾಲದಲ್ಲಿ ಈ ಕೂಡುವಿಕೆ ಸುಲಭದ ಕೆಲಸವಾಗಿರಲಿಲ್ಲ. ಆದ್ದರಿಂದ ಬ್ರೇಸ್‌ವೆಲ್ 1967ರಲ್ಲಿ ರಿಡಲ್ ಎಂಬವರೊಡನೆ ಸೇರಿ ಒಂದು ಹತ್ತಿರದ ದಾರಿ ತೋರಿಸಿದರು. ಪಟ್ಟಿಯ ಮೊತ್ತವನ್ನು ಅದೇ ಪಟ್ಟಿಯುದ್ದಕ್ಕೂ ಸಮನಾಗಿ ಬಳಿಯುತ್ತಾ ಎಲ್ಲ ಕೋನಗಳಲ್ಲೂ ಹೀಗೆ ಮಾಡಿದರೆ ಒಂದು ಚಿತ್ರವೇನೋ ಬರುತ್ತದೆ, ಆದರೆ ಅದು ಮಂಜು ಮುಸುಕಿದಂತೆ ಇರುತ್ತದೆ. ಬಳಿಯುವ ಮೊದಲು ಪ್ರತಿಯೊಂದು ಮೊತ್ತದಿಂದ ಅಕ್ಕಪಕ್ಕದವುಗಳ ಒಂದಿಷ್ಟು ಪಾಲನ್ನು ಲೆಕ್ಕ ಹಾಕಿ ಕಳೆದರೆ ಮಂಜು ಸರಿಯುತ್ತದೆ. ಫೋರಿಯರ್ ರೂಪಾಂತರದ ಸುತ್ತುದಾರಿ ಬೇಕಿಲ್ಲ. ಈ ಲೇಖನ ಪ್ರಕಟವಾದದ್ದು ಖಗೋಳ ಭೌತಶಾಸ್ತ್ರದ ಪತ್ರಿಕೆಯಲ್ಲಿ. ವೈದ್ಯರ ಕಣ್ಣಿಗೆ ಅದು ಬೀಳುವುದಾದರೂ ಹೇಗೆ?

ಆಸ್ಪತ್ರೆಯಲ್ಲಿದ್ದ ಕಷ್ಟ

ಅದೇ ಕಾಲಕ್ಕೆ ಆಸ್ಪತ್ರೆಗಳಲ್ಲಿ ಏನು ನಡೆಯುತ್ತಿತ್ತು ಎಂಬುದನ್ನೂ ನೋಡಬೇಕು. ಎಕ್ಸ್-ರೇ ಎಂದರೆ ನೆರಳು. ತಲೆಯ ಎಕ್ಸ್-ರೇಯಲ್ಲಿ ಬುರುಡೆ ಕಾಣುತ್ತದೆ, ಅದರೊಳಗಿನ ಮೆತ್ತನೆಯ ಮೆದುಳು ಕಾಣುವುದಿಲ್ಲ. ಮೆದುಳಿನಲ್ಲಿ ಗೆಡ್ಡೆ ಇದೆಯೇ ಎಂದು ತಿಳಿಯಲು ವೈದ್ಯರು ಬೆನ್ನಿನ ಮೂಳೆಯ ನಡುವೆ ಸೂಜಿ ಚುಚ್ಚಿ, ಮೆದುಳಿನ ಸುತ್ತಲಿನ ದ್ರವವನ್ನು ತೆಗೆದು, ಆ ಜಾಗಕ್ಕೆ ಗಾಳಿ ತುಂಬಿ ಎಕ್ಸ್-ರೇ ತೆಗೆಯುತ್ತಿದ್ದರು. ರೋಗಿಗೆ ಸಹಿಸಲಾಗದ ತಲೆನೋವು, ವಾಂತಿ. ಇಷ್ಟೆಲ್ಲ ಆದ ಮೇಲೂ ಕಾಣುತ್ತಿದ್ದದ್ದು ಗೆಡ್ಡೆಯಲ್ಲ, ಗೆಡ್ಡೆ ಒತ್ತಿದ್ದರಿಂದ ಪಕ್ಕಕ್ಕೆ ಸರಿದ ಗಾಳಿಯ ಆಕಾರ.

ಎಕ್ಸ್-ರೇ ಕಿರಣ ತಲೆಯ ಮೂಲಕ ಹಾದು ಬಂದಾಗ ಎಷ್ಟು ಕುಗ್ಗಿತು ಎಂದು ಅಳೆದರೆ ಅದು ಆ ಗೆರೆಯ ಮೇಲಿನ ಎಲ್ಲ ಭಾಗಗಳು ಹೀರಿದ್ದರ ಒಟ್ಟು ಮೊತ್ತವೇ. ಸೂರ್ಯನ ಪಟ್ಟಿಯೂ ಇದೂ ಒಂದೇ. ದಕ್ಷಿಣ ಆಫ್ರಿಕಾದ ಭೌತವಿಜ್ಞಾನಿ ಅಲನ್ ಕಾರ್ಮ್ಯಾಕ್ ಈ ಬಗ್ಗೆ ಯೋಚಿಸಲು ಆರಂಭಿಸಿದ್ದು 1956ರಲ್ಲಿ, ಕೇಪ್‌ಟೌನ್‌ನ ಆಸ್ಪತ್ರೆಯೊಂದರಲ್ಲಿ ವಿಕಿರಣದ ಕೆಲಸ ನೋಡಿಕೊಳ್ಳುತ್ತಿದ್ದಾಗ. ಅಂದರೆ ಬ್ರೇಸ್‌ವೆಲ್ ತಮ್ಮ ಉತ್ತರವನ್ನು ಅಚ್ಚು ಮಾಡಿಸಿದ ವರ್ಷವೇ ಕಾರ್ಮ್ಯಾಕ್ ಅದೇ ಪ್ರಶ್ನೆಯನ್ನು ಹೊಸದಾಗಿ ಕೇಳಿಕೊಂಡರು! ಒಬ್ಬರಿಗೆ ಇನ್ನೊಬ್ಬರ ವಿಷಯ ಗೊತ್ತಿರಲಿಲ್ಲ. ಕಾರ್ಮ್ಯಾಕ್ ತಾವೇ ಲೆಕ್ಕ ಬಿಡಿಸಿ 1963 ಮತ್ತು 1964ರಲ್ಲಿ ಪ್ರಕಟಿಸಿದರು. ಹೇಳಿಕೊಳ್ಳುವಂತಹ ಪ್ರತಿಕ್ರಿಯೆಯೇ ಬರಲಿಲ್ಲ.

ಯಂತ್ರವನ್ನು ಕಟ್ಟಿ ನಿಲ್ಲಿಸಿದವರು ಇಂಗ್ಲೆಂಡಿನ ಇ.ಎಂ.ಐ. ಕಂಪನಿಯ ಎಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್. 1971ರ ಅಕ್ಟೋಬರ್ 1ರಂದು ಲಂಡನ್‌ನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ ಮೊದಲ ರೋಗಿಯ ತಲೆಯ ಸ್ಕ್ಯಾನ್ ನಡೆಯಿತು. ಒಂದೊಂದು ಡಿಗ್ರಿ ತಿರುಗಿಸುತ್ತಾ 180 ಕೋನಗಳು, ಪ್ರತಿ ಕೋನದಲ್ಲಿ 160 ಅಳತೆ, ಒಟ್ಟು 28,800 ಮೊತ್ತಗಳು. ಬಿಡಿಸಬೇಕಾದ ಖಾನೆಗಳು 80 ಅಡ್ಡ, 80 ಉದ್ದ, ಒಟ್ಟು 6,400. ಅದೇ ಆಲೂಗಡ್ಡೆ ಪೆಟ್ಟಿಗೆ, ಆದರೆ ಕಂಪ್ಯೂಟರ್ ಇಲ್ಲದೆ ಬಿಡಿಸಲಾಗದಷ್ಟು ದೊಡ್ಡದು. ಆ ಪಟದಲ್ಲಿ ಮೆದುಳಿನ ಗೆಡ್ಡೆ ಕಣ್ಣಿಗೆ ಕಂಡಿತು. ಬೆನ್ನಿಗೆ ಸೂಜಿ ಚುಚ್ಚಿ ಗಾಳಿ ತುಂಬುವ ಪದ್ಧತಿ ಕ್ರಮೇಣ ಮರೆಯಾಯಿತು. 1979ರಲ್ಲಿ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಅವರಿಗೆ ವೈದ್ಯಕೀಯ ನೊಬೆಲ್ ಬಂದಿತು. ಇಬ್ಬರೂ ವೈದ್ಯರಲ್ಲ.

ಬೆಂಗಳೂರಿನಲ್ಲೂ ಅದೇ ಲೆಕ್ಕ

ಅದೇ 1971ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಪ್ರೊ. ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಎರ್ನಾಕುಲಂನಲ್ಲಿ ಹುಟ್ಟಿ, ಸರ್ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದ ರಾಮಚಂದ್ರನ್, ನಮ್ಮ ಚರ್ಮ ಮತ್ತು ಸ್ನಾಯುರಜ್ಜುಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನಿನ ರಚನೆ ಕಂಡುಹಿಡಿದು ಆಗಲೇ ಹೆಸರು ಮಾಡಿದ್ದವರು.

ಎಕ್ಸ್-ರೇ ಮತ್ತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರಳು ಚಿತ್ರಗಳಿಂದ ಒಳಗಿನ ರಚನೆಯನ್ನು ಬಿಡಿಸಲು ಫೋರಿಯರ್ ರೂಪಾಂತರದ ಅಗತ್ಯವಿಲ್ಲ, ಅಕ್ಕಪಕ್ಕದ ಅಳತೆಗಳಿಗೆ ಸರಿಯಾದ ತೂಕ ಕೊಟ್ಟು ಕಳೆದರೆ ಸಾಕು ಎಂದು ಅವರು ತೋರಿಸಿದರು. ಆ ತೂಕಗಳೂ ಅಚ್ಚರಿಪಡುವಷ್ಟು ಸರಳ. ಪಕ್ಕದ ಒಂದನೆಯದು, ಮೂರನೆಯದು, ಐದನೆಯದು ಇವುಗಳಿಗೆ ಮಾತ್ರ ತೂಕ. ಎರಡನೆಯದು, ನಾಲ್ಕನೆಯದಕ್ಕೆ ಸೊನ್ನೆ. ಒಂದನೆಯದಕ್ಕೆ ಇರುವ ತೂಕದ ಒಂಬತ್ತನೇ ಒಂದು ಪಾಲು ಮೂರನೆಯದಕ್ಕೆ, ಇಪ್ಪತ್ತೈದನೇ ಒಂದು ಪಾಲು ಐದನೆಯದಕ್ಕೆ. ಬ್ರೇಸ್‌ವೆಲ್ ಮತ್ತು ರಿಡಲ್ ನಾಲ್ಕು ವರ್ಷ ಮೊದಲು ಸೂರ್ಯನ ಪಟ್ಟಿಗಳಿಗಾಗಿ ಕಂಡುಕೊಂಡ ಉಪಾಯವನ್ನೇ ಇವರು ಸ್ವತಂತ್ರವಾಗಿ ಕಂಡುಕೊಂಡಿದ್ದರು. ಸ್ಕ್ಯಾನ್ ತಂತ್ರಾಂಶದ ಪಠ್ಯಪುಸ್ತಕಗಳಲ್ಲಿ ಇಂದಿಗೂ ಇದಕ್ಕೆ ಇಬ್ಬರ ಹೆಸರು ಸೇರಿಸಿ ‘ರಾಮ್-ಲಾಕ್’ ಎನ್ನುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ 1917ರಲ್ಲೇ ಆಸ್ಟ್ರಿಯಾದ ಗಣಿತಜ್ಞ ಯೋಹಾನ್ ರಾಡೋನ್ ಇದರ ಮೂಲ ಸೂತ್ರವನ್ನು ಶುದ್ಧ ಗಣಿತವಾಗಿ ಬರೆದಿಟ್ಟಿದ್ದರು. ಕಾರ್ಮ್ಯಾಕ್‌ಗೆ ಅದು ತಿಳಿದದ್ದು ತಮ್ಮ ಲೇಖನಗಳು ಪ್ರಕಟವಾಗಿ ವರ್ಷಗಳಾದ ಮೇಲೆ. ಗಣಿತಜ್ಞರು, ಖಗೋಳದವರು, ಆಸ್ಪತ್ರೆಯವರು, ಪ್ರೋಟೀನ್ ಅಧ್ಯಯನದವರು ಎಲ್ಲರೂ ಒಂದೇ ಬಾವಿಯನ್ನು ಬೇರೆ ಬೇರೆಯಾಗಿ ತೋಡಿದರು. ಪಕ್ಕದ ಹೊಲದಲ್ಲಿ ಆಗಲೇ ನೀರು ಬಂದಿದೆ ಎಂದು ಹೇಳುವವರು ಯಾರೂ ಇರಲಿಲ್ಲ. ಈ ಮಧ್ಯೆ ರೋಗಿಗಳು ಸೂಜಿ, ಗಾಳಿಯ ಹಿಂಸೆಯನ್ನು ಅನುಭವಿಸುತ್ತಲೇ ಇದ್ದರು.

ಎರಡು ದಡಗಳ ನಡುವೆ

ಬ್ರೇಸ್‌ವೆಲ್ ಸ್ಕ್ಯಾನ್ ಯಂತ್ರ ಕಟ್ಟಲಿಲ್ಲ, ನೊಬೆಲ್ ಪಡೆಯಲಿಲ್ಲ. ಅವರ ದೊಡ್ಡಸ್ತಿಕೆ ಇರುವುದು ಎರಡೂ ದಡಗಳಿಗೆ ಓಡಾಡಿದ್ದರಲ್ಲಿ. ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ಹತ್ತು ಅಡಿಯ 32 ಡಿಶ್‌ಗಳನ್ನು ಶಿಲುಬೆಯಾಕಾರದಲ್ಲಿ ನಿಲ್ಲಿಸಿ 1962ರಿಂದ 1973ರವರೆಗೆ ಪ್ರತಿದಿನ ಸೂರ್ಯನ ಪಟ ತೆಗೆದರು. ಸೂರ್ಯನ ಚಟುವಟಿಕೆಯ ಒಂದು ಪೂರ್ಣ ಆವರ್ತ ಹನ್ನೊಂದು ವರ್ಷ. ಅಷ್ಟನ್ನೂ ಅವರು ದಾಖಲಿಸಿದರು. ಚಂದ್ರಯಾನ ಕೈಗೊಂಡಿದ್ದ ನಾಸಾ ಕೂಡ ಈ ಪಟಗಳನ್ನು ಬಳಸಿತು.

1965ರಲ್ಲಿ ಅವರು ಬರೆದ ಫೋರಿಯರ್ ರೂಪಾಂತರದ ಪಠ್ಯಪುಸ್ತಕವನ್ನು ಎಂಜಿನಿಯರಿಂಗ್, ಭೌತಶಾಸ್ತ್ರ, ವೈದ್ಯಕೀಯ ಚಿತ್ರಣ ಹೀಗೆ ಎಲ್ಲ ಕಡೆಯವರೂ ಓದಿದರು. ದೂರದರ್ಶಕದ ನೋಟಕ್ಕೆ ಅಗಲ ಇರುವುದರಿಂದ ಚಿತ್ರ ಹೇಗೆ ಮಸುಕಾಗುತ್ತದೆ ಎಂದು ಅವರು 1954ರಲ್ಲೇ ರಾಬರ್ಟ್ಸ್ ಎಂಬವರೊಡನೆ ಬರೆದಿದ್ದರು. 1977ರಲ್ಲಿ ಅದೇ ಪ್ರಶ್ನೆಯನ್ನು ಸ್ಕ್ಯಾನ್ ಯಂತ್ರದ ಎಕ್ಸ್-ರೇ ಕಿರಣದ ಅಗಲಕ್ಕೆ ಅನ್ವಯಿಸಿ, ಸರಿಪಡಿಸುವ ಬಗೆಯನ್ನು ವೈದ್ಯಕೀಯ ಚಿತ್ರಣದ ಪತ್ರಿಕೆಯಲ್ಲಿ ವಿವರಿಸಿದರು. ಉಪಕರಣ ಬೇರೆಯಾದರೂ ಮಸುಕು ಒಂದೇ ಎಂಬುದು ಅವರಿಗೆ ಗೊತ್ತಿತ್ತು.

ವೈದ್ಯಕೀಯ ಚಿತ್ರಣಕ್ಕೆ ನೀಡಿದ ಮೂಲಭೂತ ಕೊಡುಗೆಗಾಗಿ 1992ರಲ್ಲಿ ಅಮೆರಿಕದ ವೈದ್ಯಕೀಯ ಅಕಾಡೆಮಿ ಅವರನ್ನು ವಿದೇಶಿ ಸದಸ್ಯರನ್ನಾಗಿ ಆರಿಸಿತು. ಆ ಗೌರವ ಪಡೆದ ಮೊದಲ ಆಸ್ಟ್ರೇಲಿಯನ್ ಅವರು. ವಿಶ್ವವಿದ್ಯಾಲಯದ ಆವರಣದ ಮರಗಳ ಬಗ್ಗೆಯೂ ಪುಸ್ತಕ ಬರೆದ ಈ ಬಹುಮುಖಿ 2007ರ ಆಗಸ್ಟ್ 12ರಂದು ತೀರಿಕೊಂಡರು.

ಮುತ್ತೋರೈಗೆ ಬಂದ ವಿದ್ಯೆ

1950ರ ದಶಕದ ಆರಂಭದಲ್ಲಿ ಸಿಡ್ನಿಯ ಅದೇ ಪ್ರಯೋಗಾಲಯಕ್ಕೆ ಬಂದಿದ್ದ ತರುಣ ಗೋವಿಂದ ಸ್ವರೂಪ್. ಉತ್ತರ ಪ್ರದೇಶದ ಠಾಕೂರ್‌ದ್ವಾರದವರು. ಮುಂದೆ ಸ್ಟ್ಯಾನ್‌ಫರ್ಡ್‌ನಲ್ಲಿ ಬ್ರೇಸ್‌ವೆಲ್ ಅವರ ಕೈಕೆಳಗೆ ಪಿಎಚ್.ಡಿ. ಮಾಡಿದರು. 1963ರಲ್ಲಿ ದೇಶಕ್ಕೆ ಮರಳಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದರು. ಸಿಡ್ನಿಯಲ್ಲಿ ಸೂರ್ಯನ ಪಟ್ಟಿ ತೆಗೆದ ಆ 32 ಡಿಶ್‌ಗಳನ್ನು ಆಸ್ಟ್ರೇಲಿಯಾ ಭಾರತಕ್ಕೆ ಉಡುಗೊರೆಯಾಗಿ ಕೊಟ್ಟಿತು. ಅವು 1965ರಲ್ಲಿ ಮುಂಬೈ ಬಳಿಯ ಕಲ್ಯಾಣದಲ್ಲಿ ಕೆಲಸ ಆರಂಭಿಸಿದವು.

ನಂತರ ಬಂದದ್ದೇ ನಮ್ಮ ಊಟಿಯ ರೇಡಿಯೋ ದೂರದರ್ಶಕ. ಮುತ್ತೋರೈ ಎಂದರೆ ನಮ್ಮ ರೈತರಿಗೆ ಆಲೂಗಡ್ಡೆ ಸಂಶೋಧನಾ ಕೇಂದ್ರದ ನೆನಪಾಗುತ್ತದೆ. ಅದೇ ಊರಿನ ಗುಡ್ಡದ ಇಳಿಜಾರಿನಲ್ಲಿ 530 ಮೀಟರ್ ಉದ್ದ, 30 ಮೀಟರ್ ಅಗಲದ ಈ ದೂರದರ್ಶಕ 1970ರಲ್ಲಿ ಕೆಲಸ ಆರಂಭಿಸಿತು. ಇಳಿಜಾರು ಸುಮಾರು 11 ಡಿಗ್ರಿ. ಊಟಿಯ ಅಕ್ಷಾಂಶವೂ ಅಷ್ಟೇ. ಆದ್ದರಿಂದ ದೂರದರ್ಶಕದ ಅಚ್ಚು ಭೂಮಿಯ ಅಚ್ಚಿಗೆ ಸಮಾನಾಂತರವಾಗಿದ್ದು, ಒಂದೇ ಅಚ್ಚಿನ ಮೇಲೆ ತಿರುಗಿಸಿದರೆ ಸಾಕು, ಆಕಾಶಕಾಯವನ್ನು ಗಂಟೆಗಟ್ಟಲೆ ಹಿಂಬಾಲಿಸಬಹುದು. ಇಂತಹ ಗುಡ್ಡ ಹುಡುಕಿಕೊಂಡೇ ಸ್ವರೂಪ್ ತಂಡ ಇಲ್ಲಿಗೆ ಬಂದಿತ್ತು.

ಇಲ್ಲಿನ ಮೊದಲ ಮುಖ್ಯ ಕೆಲಸವೂ ಪಟ್ಟಿ ಲೆಕ್ಕವೇ ಆಗಿತ್ತು. ಚಂದ್ರ ತನ್ನ ದಾರಿಯಲ್ಲಿ ದೂರದ ರೇಡಿಯೋ ಮೂಲವೊಂದನ್ನು ಮರೆಮಾಡುವಾಗ ಅವನ ಅಂಚು ಆ ಮೂಲವನ್ನು ಪಟ್ಟಿಪಟ್ಟಿಯಾಗಿ ಮುಚ್ಚುತ್ತದೆ. ಪ್ರತಿ ಕ್ಷಣ ಸಂಕೇತ ಎಷ್ಟು ಇಳಿಯಿತು ಎಂದು ಬರೆದುಕೊಂಡರೆ ಒಂದೊಂದು ಪಟ್ಟಿಯ ಮೊತ್ತ ಸಿಕ್ಕಂತೆ. ಹೀಗೆ ನೂರಾರು ಮೂಲಗಳ ಗಾತ್ರವನ್ನು ಇಲ್ಲಿ ಅಳೆಯಲಾಯಿತು. ವಿಶ್ವ ಮಹಾಸ್ಫೋಟದಿಂದ ಆರಂಭವಾಯಿತು ಎಂಬ ವಾದಕ್ಕೆ ಆ ಅಳತೆಗಳು 1970ರ ದಶಕದಲ್ಲಿ ಬಲ ಕೊಟ್ಟವು. ಸ್ವರೂಪ್ 2020ರ ಸೆಪ್ಟೆಂಬರ್‌ನಲ್ಲಿ ನಿಧನರಾದರು.

ಪೋಷಕರಿಗೂ ವಿದ್ಯಾರ್ಥಿಗಳಿಗೂ

ಆಕಾಶ ನೋಡುವುದರಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರು ನಮ್ಮಲ್ಲಿದ್ದಾರೆ. ಪ್ರಶ್ನೆ ತಪ್ಪಲ್ಲ. ಆದರೆ ಯಾವ ವಿದ್ಯೆ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಮೊದಲೇ ಹೇಳಲಾಗದು ಎಂಬುದಕ್ಕೆ ಸ್ಕ್ಯಾನ್ ಕೊಠಡಿಯೇ ಸಾಕ್ಷಿ. 1973ರಲ್ಲಿ ಪಾಲ್ ಲಾಟರ್‌ಬರ್ ಎಂಬ ರಸಾಯನ ವಿಜ್ಞಾನಿ ಎಕ್ಸ್-ರೇ ಇಲ್ಲದೆ ಅಯಸ್ಕಾಂತದಿಂದ ಮೊದಲ ಎಂ.ಆರ್.ಐ. ಚಿತ್ರ ತೆಗೆದಾಗಲೂ ಬೇರೆ ಬೇರೆ ಕೋನಗಳ ಮೊತ್ತಗಳಿಂದಲೇ ಚಿತ್ರ ಬಿಡಿಸಿದ್ದರು.

ಹತ್ತನೇ ತರಗತಿ ಮುಗಿಯುತ್ತಲೇ ಮಕ್ಕಳನ್ನು ಡಾಕ್ಟರ್ ಸಾಲು, ಎಂಜಿನಿಯರ್ ಸಾಲು ಎಂದು ಬೇರ್ಪಡಿಸಿ, ಜೀವಶಾಸ್ತ್ರ ತೆಗೆದುಕೊಂಡವರಿಗೆ ಗಣಿತ ಯಾಕೆ ಎನ್ನುವ ಅಭ್ಯಾಸ ನಮ್ಮದು. ಬ್ರೇಸ್‌ವೆಲ್ ಗಣಿತ ಓದಿ, ಎಂಜಿನಿಯರಿಂಗ್ ಓದಿ, ರೇಡಾರ್ ಕಟ್ಟಿ, ಸೂರ್ಯನನ್ನು ನೋಡಿ, ಕೊನೆಗೆ ವೈದ್ಯರಿಂದ ಗೌರವ ಪಡೆದರು. ಒಂದು ಹೊಲದ ನೀರನ್ನು ಇನ್ನೊಂದಕ್ಕೆ ಹಾಯಿಸಲು ಎರಡೂ ಹೊಲ ಬಲ್ಲವರು ಬೇಕು. ಅಂತಹವರು ಇನ್ನಷ್ಟು ಮಂದಿ ಇದ್ದಿದ್ದರೆ 1971ಕ್ಕೆ ಬಂದ ಯಂತ್ರ ಕೆಲವು ವರ್ಷ ಮೊದಲೇ ಬರುತ್ತಿತ್ತೋ ಏನೋ. ಆ ಕೆಲವು ವರ್ಷಗಳಲ್ಲಿ ಎಷ್ಟು ತಲೆಗಳು ಉಳಿಯುತ್ತಿದ್ದವು ಎಂಬುದನ್ನು ಯಾವ ಲೆಕ್ಕದಿಂದಲೂ ಬಿಡಿಸಲಾಗದು.